ಅವರ ಕೇಪಳ, ನಮ್ಮ ಕರಿಬೇವು

ಬೆಂಗಳೂರಿನ ಅಪಾರ್ಟ್‌ಮೆಂಟು ಎಂದಮೇಲೆ ತಾರಸಿಯಲ್ಲೊಬ್ಬ ಗಿಡದ ಅಂಕಲ್ ಇರಲೇಬೇಕು. ನಿವೃತ್ತರು, ಎತ್ತಿ ಕಟ್ಟಿದ ಪಂಚೆ, ಕೈಯಲ್ಲಿ ಕತ್ತರಿ. ಅಸೋಸಿಯೇಷನ್ ಸಭೆಯಲ್ಲಿ ಲಿಫ್ಟಿನ ರಿಪೇರಿಗೆಂದು ಬಾಯಿ ತೆರೆದರೂ ಮಾತು ಎರೆಗೊಬ್ಬರಕ್ಕೆ ಬಂದು ನಿಲ್ಲುತ್ತದೆ. ನಮ್ಮ ಮನೆಯ ಮೊಟ್ಟೆ ಸಿಪ್ಪೆಯ ಲೆಕ್ಕ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ನಮ್ಮ ಅಂಕಲ್ ಪುತ್ತೂರಿನ ಕಡೆಯವರು. ಪ್ರಾಣವೆಲ್ಲ ಕೇಪಳದ ಹೂಗಿಡದಲ್ಲಿ. ಊರಿಂದ ಬರುವವರು ಹಲಸಿನ ಹಪ್ಪಳ, ಕುಚ್ಚಲಕ್ಕಿ ತಂದರೆ ಇವರು ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಗೋಣಿಚೀಲದ ತುಂಬ ಕೆಂಪು ಮಣ್ಣು ತರುತ್ತಾರೆ. "ಮುರಕಲ್ಲಿನ ಗುಡ್ಡೆಯ ಗಿಡ ಮಾರಾಯ್ರೇ, ಹುಳಿ ಮಣ್ಣೇ ಆಗಬೇಕು. ನಿಮ್ಮ ಬೋರಿನ ಗಡಸು ನೀರು ಹಾಕಿದರೆ ಕಬ್ಬಿಣ ಸಿಗದೆ ಎಲೆ ಹಳದಿ ಆಗ್ತದೆ." ಹಾಗಾಗಿ ಗಿಡಕ್ಕೆ ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರು. ಅದೇ ಬೋರಿನ ನೀರು ಹೊಯ್ದುಕೊಳ್ಳುವ ನನ್ನ ಉಳಿದ ನಾಲ್ಕು ಕೂದಲಿನ ಚಿಂತೆ ಅವರಿಗಿಲ್ಲ.

ಏಪ್ರಿಲ್ಲಿನಲ್ಲಿ ನಾವೆಲ್ಲ ಫ್ಯಾನಿನ ಕೆಳಗೆ ಬಿದ್ದಿರುವಾಗ ಕೇಪಳ ಬಿಸಿಲುಂಡು ಮೈತುಂಬ ಕೆಂಪು ಗೊಂಚಲು ಬಿಡುತ್ತದೆ. ಸೂರಕ್ಕಿಗಳು ಬರುತ್ತವೆ. ಟೆಕ್ಸಾಸಿನ ಮೊಮ್ಮಗ ವಿಡಿಯೋ ಕಾಲಿನಲ್ಲಿ "ಅಜ್ಜ, ಹಮ್ಮಿಂಗ್ ಬರ್ಡ್!" ಎಂದರೆ ತಕ್ಷಣ ಪಾಠ: "ಅದು ಅಮೆರಿಕ ಬಿಟ್ಟು ಬರುವ ಹಕ್ಕಿ ಅಲ್ಲ ಮಗಾ. ಇದು ನಮ್ಮ ಸೂರಕ್ಕಿ."

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಚಿಟ್ಟೆಗಳೂ ಬರುತ್ತವಲ್ಲ! ಕೇಪಳದ ಸಪೂರ ಕೊಳವೆಗೆ ಸೊಂಡಿಲಿಳಿಸಿ ಮಕರಂದ ಹೀರುವ ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆ ಮೊಟ್ಟೆಯಿಡುವುದು ನಿಂಬೆಯ ಕುಟುಂಬದ ಗಿಡಗಳ ಮೇಲೆ. ಕರಿಬೇವೂ ಅದೇ ಕುಟುಂಬ. ಹೀಗಾಗಿ ಔತಣ ಅವರ ಕುಂಡದಲ್ಲಿ, ಬಾಣಂತನ ನಮ್ಮ ಕುಂಡದಲ್ಲಿ.

ಒಂದು ಬೆಳಿಗ್ಗೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಕಂಡು ಒರೆಸಲು ಹೋದೆ. ಹಿಕ್ಕೆ ನಡೆಯಿತು! "ಮುಟ್ಟಬೇಡಿ, ಮರಿಹುಳ ಅದು!" ನೀರಿನ ಟ್ಯಾಂಕಿನ ಹಿಂದಿನಿಂದ ಅಂಕಲ್ ಓಡಿಬಂದರು. ಹಕ್ಕಿಗಳ ಕಣ್ಣು ತಪ್ಪಿಸಲು ಆ ವೇಷವಂತೆ. ಆಮೇಲೆ ಅವು ಹಸಿರಾಗಿ, ಕೊಬ್ಬಿ, ಕಡ್ಡಿ ತಾಗಿಸಿದರೆ ಕೆಂಪು ಕೋಡು ಚಾಚಿ ನಾತ ಬಿಡುವಷ್ಟು ಸೊಕ್ಕಿದವು. ಗಿಡದಲ್ಲಿ ಕಡ್ಡಿ ಉಳಿಯಿತು. ನಮ್ಮ ಮನೆಯಲ್ಲಿ ಒಗ್ಗರಣೆ ಬರೀ ಸಾಸಿವೆಯದಾಯಿತು. "ಹುಳಕ್ಕೆ ಎಲೆ ಕೊಡದವರಿಗೆ ಚಿಟ್ಟೆ ನೋಡುವ ಹಕ್ಕು ಉಂಟಾ?" ಎಂದು ಅಂಕಲ್ ಕೇಳಿದರು. ಅವರ ಗಿಡಕ್ಕೆ ಮಾತ್ರ ಒಂದು ತೂತೂ ಬಿದ್ದಿರಲಿಲ್ಲ.

ಆದರೂ ಕೋಶ ಒಡೆದು ಚಿಟ್ಟೆ ಹೊರಬಂದ ದಿನ ರೆಕ್ಕೆ ಒಣಗುವವರೆಗೂ ಇಬ್ಬರೂ ಬಿಸಿಲಲ್ಲೇ ನಿಂತಿದ್ದೆವು. ಅದು ಹಾರಿತು, ಕೇಪಳದ ಕಡೆ ತಿರುಗಿಯೂ ನೋಡದೆ ಪಕ್ಕದ ಕಟ್ಟಡ ದಾಟಿತು. "ಹೋಗಲಿ ಬಿಡಿ. ತಿನ್ನಿಸುವವರೆಗೆ ಮಾತ್ರ ನಮ್ಮದು," ಎಂದರು ಅಂಕಲ್. ಅವರ ಮಗನ ಟೆಕ್ಸಾಸು ನೆನಪಾಗಿ ನಾನು ಸುಮ್ಮನಾದೆ. ಹೂವು ನೆಟ್ಟು ಅತಿಥಿಗಳನ್ನು ಕರೆಯುವುದು ಸುಲಭ. ಅವರ ಮಕ್ಕಳಿಗೂ ಅನ್ನ ಇಡುವುದಿದೆಯಲ್ಲ, ಕಷ್ಟದ್ದು ಅದು, ಎಂದೆಲ್ಲ ಅನಿಸತೊಡಗಿತು.

ಆ ಹುಮ್ಮಸ್ಸಿನಲ್ಲೇ ನರ್ಸರಿಗೆ ಹೋಗಿ ಇನ್ನೊಂದು ಕರಿಬೇವು ತಂದೆ: ಒಂದು ಹುಳಕ್ಕೆ, ಒಂದು ಸಾರಿಗೆ. ಹೊಸದು ಚಿಗುರಿದ ದಿನ ಅಂಕಲ್ ಬಟ್ಟಲು ಹಿಡಿದು ಬಾಗಿಲಿಗೆ ಬಂದರು.

"ನಾಲ್ಕು ಎಸಳು ಕರಿಬೇವು ಕೊಡಿ ಮಾರಾಯ್ರೇ, ಸಾಂಬಾರಿಗೆ. ಹುಳ ಇಲ್ಲದ್ದು ನೋಡಿ ಕೊಡಿ ಆಯ್ತಾ."