ಸಖೀದ್ರೋಹ ಪ್ರಕರಣ

ಅಲಂಕಾರಶಾಸ್ತ್ರದವರು ನಾಯಿಕೆಯನ್ನು ಎಂಟು ಬಗೆಯಾಗಿ ವಿಂಗಡಿಸಿ ದಣಿದರು. ಸಖಿಯ ಪಾಲಿಗೆ ಓಲೆ ಒಯ್ಯುವ ಕೆಲಸ ಮಾತ್ರ ಉಳಿಯಿತು. ಆಕೆಗೂ ಹೊಟ್ಟೆಕಿಚ್ಚು, ಮುನಿಸು ಇರಬಹುದೆಂದು ಅವರಿಗೆ ಹೊಳೆಯಲಿಲ್ಲ. ಆ ಲೋಪ ತುಂಬಲು, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹೆಂಗಸರ ಮಾತನ್ನೇ ಪ್ರಮಾಣವಾಗಿಟ್ಟು, ಕನ್ನಡ ಸಿನಿಮಾಗಳಿಂದ ಉದಾಹರಣೆ ತೆಗೆದು ಈ ಪ್ರಕರಣ ರಚಿತವಾಗಿದೆ. (ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಬಿಟ್ಟುಹೋದವರನ್ನು ಮತ್ತೆ ಒಳಗೆ ಕರೆಯುವುದು ಈ ಸೀಮೆಗೆ ರೂಢಿಯೇ.)

ಹೆಂಗಸು ಹೆಂಗಸಿಗೆ ಬಗೆಯುವ ದ್ರೋಹ ಮೂರು ಬಗೆ. ಮೊದಲನೆಯದು ಪುರುಷಮೂಲ ದ್ರೋಹ. ಹೆಂಗಸರಿಬ್ಬರ ನಡುವೆ ಒಬ್ಬ ಗಂಡಸನ್ನು ನಿಲ್ಲಿಸಿದರೆ ಮುಗಿಯಿತು. 'ಶರಪಂಜರ'ದಲ್ಲಿ (1972) ನಾಯಕಿ ಕಾವೇರಿಯ ಸಂಸಾರಕ್ಕೆ ಅಡ್ಡ ಬರುವ ವಿಮಲಾ ಪಾತ್ರ ಚಿಂದೋಡಿ ಲೀಲಾ ಅವರದು. ನಾಟಕ ಕಂಪನಿಯ ಲೀಲಾ ಈ ಕಡೆಯವರಿಗೆ ಮನೆಮಾತು, ಆದ್ದರಿಂದ ಬೈಗುಳವೂ ಸಲುಗೆಯದೇ. ಈ ವರ್ಗದಲ್ಲಿ ಬೈಗುಳ ಹೆಂಗಸಿಗೆ, ಕ್ಷಮೆ ಗಂಡಸಿಗೆ. ಕೈಬಿಟ್ಟು ತಿರುಗಿ ಬಂದ ಮೋಹನನನ್ನು ಬೇಡವೆಂದ 'ಬೆಳ್ಳಿಮೋಡ'ದ (1967) ಇಂದಿರಾ ಅಪವಾದ.

ಎರಡನೆಯದು ರಕ್ತಮೂಲ. ಎಂ.ಕೆ. ಇಂದಿರಾ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ತೆಗೆದ 'ಗೆಜ್ಜೆ ಪೂಜೆ'ಗೆ (1969) ಉಚ್ಚಂಗಿದುರ್ಗದ ಸುತ್ತಲಿನವರಿಗೆ ಟಿಪ್ಪಣಿ ಬೇಕಿಲ್ಲ. ಹುಡುಗಿಯನ್ನು ದೇವದಾಸಿ ಮಾಡುವ ಆ ಶಾಸ್ತ್ರಕ್ಕೆ ಇಲ್ಲಿಯ ಹೆಸರು ಮುತ್ತು ಕಟ್ಟುವುದು; ನಿಷೇಧದ ಕಾಯ್ದೆ ಬಂದದ್ದು 1982ರಲ್ಲಿ. ಕಟ್ಟಿಸಿದಾಕೆ ಹೆತ್ತವ್ವನೇ ಆದಾಗ ದ್ರೋಹವೆನ್ನಬೇಕೋ ಬಡತನವೆನ್ನಬೇಕೋ ಎಂಬಲ್ಲಿ ಶಾಸ್ತ್ರಕಾರನ ಲೇಖನಿ ತಡವರಿಸುತ್ತದೆ.

ಮೂರನೆಯದು ಮೌನಮೂಲ, ವಾದವೆಲ್ಲ ಇಲ್ಲಿಯೇ. ವೈದೇಹಿ ಕಥೆಯಿಂದ ಗಿರೀಶ ಕಾಸರವಳ್ಳಿ ತೆಗೆದ 'ಗುಲಾಬಿ ಟಾಕೀಸು' (2008) ಕರಾವಳಿಯದು. ಸೂಲಗಿತ್ತಿ ಗುಲಾಬಿಗೆ (ಉಮಾಶ್ರೀ) ಟಿವಿ ಬರುತ್ತದೆ, ಕೇರಿಯ ಹೆಂಗಸರು ಬಂದು ಕೂರುತ್ತಾರೆ. ಅವರಲ್ಲಿ ನೇತ್ರು ಹತ್ತಿರದವಳಾಗುತ್ತಾಳೆ. ಒಂದು ದಿನ ಆಕೆ ಗುಲಾಬಿಗೂ ಹೇಳದೆ ಕಾಣೆ. ಆರೋಪ ಗುಲಾಬಿಯ ತಲೆಗೆ.

ಮಲ್ಲಿಗೆ ಕಟ್ಟುವ ಹಡಗಲಿ ಪಂಥದವರ ವಾದ: "ಹೇಳಿದ್ರ ಗುಲಾಬೀನ ತಡೀತಿದ್ಲವ್ವ. ಅದಕ್ಕ ಹೇಳಲಿಲ್ಲ." ಕೊಟ್ಟೂರು ಪಂಥ ಒಪ್ಪದು: "ಅತ್ತಿಗೆ ಹೇಳಬ್ಯಾಡ, ಗಂಡಗ ಹೇಳಬ್ಯಾಡ. ಬಾಜೂಕ ಕುಂದ್ರಿಸಿಕೊಂಡು ಕಷ್ಟಸುಖ ಕೇಳಿದಾಕಿಗೆ ಒಂದು ಮಾತು ಹೇಳಾಕ ಏನಾಗಿತ್ತು?"

ಎರಡೂ ಪಂಥ ನೇತ್ರುವನ್ನೇ ಹಿಡಿದು ಜಗ್ಗುತ್ತವೆ. ನನ್ನ ಮತ ಬೇರೆ. ದಿನವೂ ಬಂದು ನೋಡಿ, ಊರು ತಿರುಗಿಬಿದ್ದಾಗ ಬಾಯಿ ಬಿಡದ ಉಳಿದವರದೇ ದೊಡ್ಡ ದ್ರೋಹ. ಒಬ್ಬಳಾದರೆ ಜಗಳಾಡಬಹುದು, ರಾಜಿಯೂ ಆಗಬಹುದು. ಕೇರಿಗೆ ಕೇರಿಯೇ ಸುಮ್ಮನಾದರೆ ಯಾರನ್ನು ಕ್ಷಮಿಸುವುದು?

ಇನ್ನು ಕ್ಷಮಾಖಂಡ. ಪ್ರೇಮಾ ಕಾರಂತರ 'ಫಣಿಯಮ್ಮ'ದಲ್ಲಿ (1983) ಮಡಿಯಲ್ಲೇ ಮುದುಕಿಯಾದ ವಿಧವೆ, ತಲೆ ಬೋಳಿಸಿಕೊಳ್ಳಲೊಲ್ಲದ ಎಳೆ ವಿಧವೆ ದಾಕ್ಷಾಯಣಿಯ ಪರ ನಿಲ್ಲುತ್ತಾಳೆ; ಆ ನಿಲುವೇ ಕ್ಷಮೆ. ಉಳಿದ ಚಿತ್ರಗಳಲ್ಲಿ ಕ್ಷಮೆ ಬೇಕಾದರೆ ಯಾರಾದರೂ ಕಾಲಿಗೆ ಬೀಳಬೇಕು, ಇಲ್ಲವೇ ಸಾಯಬೇಕು. ಈ ಐದು ತಾಲ್ಲೂಕುಗಳಲ್ಲಿ ಮಾತು ಬಿಟ್ಟಾಕೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಬರುತ್ತಾಳೆ, ಮನೆಯಲ್ಲಿ ಮೊಸರಿದ್ದರೂ. ನಮ್ಮ ಒಂದು ಬಟ್ಟಲು ಆಕೆಯಲ್ಲೇ ಉಳಿದಿದ್ದರೆ ಅದು ತಿರುಗಿ ಬರುವಾಗ ಲೆಕ್ಕ: ಬರಿದಾಗಿ ಬಂದರೆ ಕ್ಷಮೆ ಅರ್ಧ, ಶೇಂಗಾ ಚಟ್ನಿ ತುಂಬಿ ಬಂದರೆ ಪೂರ್ತಿ. ಬಟ್ಟಲೇ ಬರದಿದ್ದರೆ? ಅದು ಸ್ಟೀಲಿನದೋ ಹಿತ್ತಾಳೆಯದೋ ತಿಳಿಯದೆ ತೀರ್ಪು ಕೊಡಲಾಗದೆಂದು ಹರಪನಹಳ್ಳಿ ಪಂಥ.