ಟ್ರಿಕ್ಕಣ್ಣನ ಓದು

ಕೆಳಗೆ ಬೇಕರಿ, ಮೇಲೆ ಪಿಜಿ, ನಡುವಿನ ಮಹಡಿಯಲ್ಲಿ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಕೋಚಿಂಗ್. ಬೆಂಗಳೂರಿನ ವಿಜಯನಗರದಲ್ಲಾಗಲಿ ಮಂಗಳೂರಿನಲ್ಲಾಗಲಿ ಇಂಥ ಕಟ್ಟಡ ಕಂಡರೆ, ಅದರೊಳಗೆ ಟ್ರಿಕ್ಕಣ್ಣ ಇದ್ದಾನೆಂದೇ ತಿಳಿಯಬೇಕು. ಕೈಯಲ್ಲಿ ಮೂರು ಬಣ್ಣದ ಹೈಲೈಟರ್, ಮೊಬೈಲಿನಲ್ಲಿ ಪ್ಯಾಸೇಜ್ ಓದದೆಯೇ ಫುಲ್ ಬ್ಯಾಂಡ್ ತೆಗೆಯುವುದನ್ನು ಕಲಿಸುವ ವಿಡಿಯೊ, ತಲೆಯಲ್ಲಿ ನಂಬರ್ ಹಾಕಿಟ್ಟ ಹತ್ತು ಟ್ರಿಕ್ಕುಗಳು. ಆತ ಎಂಎಸ್‌ಗೆ ಹೊರಟ ಬಿಇ ಹುಡುಗನಾಗಿರಬಹುದು. ಇಂಗ್ಲೆಂಡಿನ ಆಸ್ಪತ್ರೆಗೆ ಹೊರಟ ನರ್ಸ್ ಆಗಿದ್ದರೆ ಟ್ರಿಕ್ಕಕ್ಕ ಎನ್ನೋಣ. ಅಲ್ಲಿನ ನರ್ಸಿಂಗ್ ಕೌನ್ಸಿಲ್ ರೀಡಿಂಗಿನಲ್ಲಿ 7 ಬ್ಯಾಂಡ್ ಕೇಳುತ್ತದೆ, ಅಂದರೆ 40 ಪ್ರಶ್ನೆಗಳಲ್ಲಿ ಸುಮಾರು 30 ಸರಿಯಾಗಬೇಕು. ಆ ಮೂವತ್ತನ್ನು ಓದುವ ಗೋಜಿಗೇ ಹೋಗದೆ ಗಿಟ್ಟಿಸಬಹುದು ಎಂಬುದು ಟ್ರಿಕ್ಕಣ್ಣನ ಸಿದ್ಧಾಂತ. ಪ್ರಶ್ನೆ ನೋಡು, ಕೀವರ್ಡ್ ಹಿಡಿ, ಪ್ಯಾಸೇಜಿನಲ್ಲಿ ಹುಡುಕು, ಸಿಕ್ಕಿದ ಕಡೆ ಉತ್ತರ ಬರಿ, ಮುಂದೆ ನಡಿ. ಈ ಸಿದ್ಧಾಂತವನ್ನು ನಂಬಿ ಪಾಸಾದವರೂ ಇದ್ದಾರೆ ಎನ್ನುವುದು ನಿಜ. ಆದರೆ ಅವರನ್ನು ಗೆಲ್ಲಿಸಿದ್ದು ಟ್ರಿಕ್ಕಲ್ಲ, ಅವರಿಗೇ ತಿಳಿಯದಂತೆ ನಡೆದುಹೋದ ಓದು. ಓದದಿರಲು ಟ್ರಿಕ್ಕಣ್ಣ ಪಡುವ ಪಾಡಿನೊಳಗೇ ಓದು ಅಡಗಿ ಕೂತಿದೆ ಎಂಬುದನ್ನು ಸಾಕ್ಷಿ ಸಮೇತ ತೋರಿಸಬಹುದು.

ಮೊದಲು ಅವನ ಪರವಾಗಿ ಒಂದು ಮಾತು. ಈ ನಂಬಿಕೆ ಅವನಿಗೆ ಕೋಚಿಂಗಿನಲ್ಲಿ ಅಂಟಿದ್ದಲ್ಲ, ಬಾಲ್ಯದಿಂದ ಬಂದದ್ದು. ಪಾಠ ಓದುವ ಮೊದಲೇ ಪಾಠದ ಹಿಂದಿನ ಅಭ್ಯಾಸ ನೋಡುವುದು, ಪ್ರಶ್ನೆಯಲ್ಲಿರುವ ಪದ ಯಾವ ಸಾಲಿನಲ್ಲಿದೆಯೋ ಆ ಸಾಲನ್ನು ಪೆನ್ಸಿಲಿನಿಂದ ಗುರುತಿಸಿ ಪಕ್ಕದಲ್ಲಿ 'ಪ್ರ. 3' ಎಂದು ಬರೆದಿಡುವುದು, ಪರೀಕ್ಷೆಯ ಹಿಂದಿನ ರಾತ್ರಿ ಆ ಗುರುತುಗಳನ್ನು ಮಾತ್ರ ಉರು ಹೊಡೆಯುವುದು: ಇದು ನಮ್ಮಲ್ಲಿ ಅರ್ಧ ಜನ ಹತ್ತನೇ ತರಗತಿ ದಾಟಿದ ದಾರಿ. 'ಹೊಂದಿಸಿ ಬರೆಯಿರಿ' ಬಂದರಂತೂ ಹಬ್ಬ. ಅ ಪಟ್ಟಿಯಲ್ಲಿ ಐದು, ಬ ಪಟ್ಟಿಯಲ್ಲಿ ಐದು. ಗೊತ್ತಿರುವ ಮೂರಕ್ಕೆ ಗೆರೆ ಎಳೆದರೆ ಉಳಿದ ಎರಡಕ್ಕೆ ಹೇಗೆ ಎಳೆದರೂ ಒಂದೋ ಎರಡೂ ಸರಿ, ಇಲ್ಲವೇ ಎರಡೂ ತಪ್ಪು. ದೇವರ ಮೇಲೆ ಭಾರ ಹಾಕಿ ಎಳೆಯುವುದು, ಮಾರ್ಕ್ಸ್ ಬಂದರೆ ತನ್ನ ಬುದ್ಧಿ, ಬರದಿದ್ದರೆ ಮೇಷ್ಟ್ರ ಕಣ್ಣು. ಹದಿನೈದು ವರ್ಷ ಈ ವಿದ್ಯೆಯಿಂದಲೇ ಮೇಲೆ ಬಂದವನಿಗೆ, ಇಂಗ್ಲಿಷ್ ಪ್ಯಾಸೇಜೂ ಇದಕ್ಕೇ ಬಗ್ಗುತ್ತದೆ ಎನಿಸಿದರೆ ತಪ್ಪು ಹೊರಿಸುವಂತಿಲ್ಲ. ಅವನದು ಮೂಢನಂಬಿಕೆ ಅಲ್ಲ, ಅನುಭವದಿಂದ ಬಂದ ತೀರ್ಮಾನ. ಅನುಭವ ಬೇರೆ ಪರೀಕ್ಷೆಯದು ಎಂಬುದೊಂದೇ ತೊಡಕು.

ಐಇಎಲ್‌ಟಿಎಸ್ ಪ್ರಶ್ನೆಪತ್ರಿಕೆ ತಯಾರಿಸುವವರು ಈ ಹೊಂದಿಸುವ ವಿದ್ಯೆಯನ್ನು ಚೆನ್ನಾಗಿ ಬಲ್ಲವರು. ಅಕಾಡೆಮಿಕ್ ರೀಡಿಂಗಿನಲ್ಲಿ ಮೂರು ಪ್ಯಾಸೇಜು, 40 ಪ್ರಶ್ನೆ, 60 ನಿಮಿಷ. ಪ್ಯಾರಾಗಳಿಗೆ ಶೀರ್ಷಿಕೆ ಹೊಂದಿಸುವ ಪ್ರಶ್ನೆಯಲ್ಲಿ ಪ್ಯಾರಾಗಳಿಗಿಂತ ಶೀರ್ಷಿಕೆಗಳೇ ಹೆಚ್ಚಿರುತ್ತವೆ. ಗೊತ್ತಿದ್ದಷ್ಟು ಬರೆದು ಉಳಿದದ್ದನ್ನು ಉಳಿದಲ್ಲಿಗೆ ತಳ್ಳುವ ದಾರಿ ಅಲ್ಲಿಗೆ ಬಂದ್. ಯಾವ ಮಾಹಿತಿ ಯಾವ ಪ್ಯಾರಾದಲ್ಲಿದೆ ಎಂದು ಕೇಳುವ ಪ್ರಶ್ನೆಗಳು ಪ್ಯಾಸೇಜಿನ ಕ್ರಮದಲ್ಲಿ ಬರುವುದಿಲ್ಲ. ಒಂದೇ ಪ್ಯಾರಾದ ಅಕ್ಷರವನ್ನು ಎರಡು ಸಲ ಬಳಸಬೇಕಾಗಿ ಬರಬಹುದು, ಒಂದು ಪ್ಯಾರಾಕ್ಕೆ ಪ್ರಶ್ನೆಯೇ ಇಲ್ಲದಿರಬಹುದು. ಎಲ್ಲಕ್ಕಿಂತ ದೊಡ್ಡ ಕಿತಾಪತಿ ಎಂದರೆ, ಪ್ರಶ್ನೆಯಲ್ಲಿರುವ ಪದ ಪ್ಯಾಸೇಜಿನಲ್ಲಿ ಸಾಮಾನ್ಯವಾಗಿ ಅದೇ ವೇಷದಲ್ಲಿ ಇರುವುದಿಲ್ಲ. ಅದೇ ವೇಷದಲ್ಲಿ ಸಿಕ್ಕಿತೆಂದರೆ ಅದು ಬಹಳ ಸಲ ಬೇರೆಯವರ ಮನೆ. ಟ್ರಿಕ್ಕಣ್ಣ ಮಾತ್ರ ಪದ ಸಿಕ್ಕಿದ ಕೂಡಲೇ ಹಳದಿ ಬಳಿದು ಒಳಗೆ ಹೋಗಿ ಕೂತೇಬಿಡುತ್ತಾನೆ.

ಅವನ ಮುಂದೆ ಒಂದು ಪ್ಯಾರಾ ಇಟ್ಟೇ ನೋಡೋಣ. ಸಾರ ಹೀಗಿರಲಿ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಸಿಲೋನಿನ ಬೆಟ್ಟಗಳಲ್ಲಿ ಕಾಫಿ ಭರ್ಜರಿಯಾಗಿ ಬೆಳೆಯಿತು. ಕಾಡು ಕಡಿದು ತೋಟ ಮಾಡಿದರು. ದಕ್ಷಿಣ ಭಾರತದಿಂದ ಕೂಲಿಯವರು ಬಂದರು. ಕಾಫಿ ಸಾಗಿಸಲು ಅನುಕೂಲವಾಗುವಂತೆ 1867ರಲ್ಲಿ ಕೊಲಂಬೊದಿಂದ ಕ್ಯಾಂಡಿಗೆ ರೈಲು ಬಂತು. ಆದರೆ 1869ರಲ್ಲಿ ಎಲೆಗಳ ಮೇಲೆ ತುಕ್ಕು ರೋಗ ಕಾಣಿಸಿತು. ಅದಕ್ಕೆ ಮದ್ದು ಸಿಗದೆ ತೋಟದವರು ಕಾಫಿ ಗಿಡ ಕಿತ್ತು ಚಹಾ ನೆಟ್ಟರು. ಕೊಟ್ಟಿರುವ ಶೀರ್ಷಿಕೆಗಳು ಮೂರು: 'ಒಂದು ಬೆಳೆಯ ಸುವರ್ಣಕಾಲ', 'ಸಾರಿಗೆಯಿಂದಾದ ಲಾಭ', 'ಬೇರೆ ದಾರಿಯಿಲ್ಲದೆ ಮಾಡಿಕೊಂಡ ಬದಲಾವಣೆ'. ಟ್ರಿಕ್ ನಂಬರ್ ಒಂದು, ಮೊದಲ ಸಾಲು ಓದು. ಓದಿದ, ಸುವರ್ಣಕಾಲ ಕಂಡಿತು. ಟ್ರಿಕ್ ನಂಬರ್ ಎರಡು, ಕೊನೆಯ ಸಾಲನ್ನೂ ಓದು. ಓದಿದ, ಚಹಾ ಕಂಡಿತು, ಚಹಾ ಎಂಬ ಶೀರ್ಷಿಕೆಯೇ ಇಲ್ಲ. ಟ್ರಿಕ್ ನಂಬರ್ ಮೂರು, ಹೆಚ್ಚು ಸಲ ಬಂದ ಪದ ಎಣಿಸು. ಎಣಿಸಿದ, ಕಾಫಿ. ಕಾಫಿ ಒಂದು ಬೆಳೆ, ಆದ್ದರಿಂದ 'ಒಂದು ಬೆಳೆಯ ಸುವರ್ಣಕಾಲ'. ಖುಷಿಯಿಂದ ತಪ್ಪು ಉತ್ತರ ಬರೆದ. ಮೊದಲ ನಾಲ್ಕು ಸಾಲು ಬರೀ ಪೀಠಿಕೆ, 'ಆದರೆ' ಎಂಬಲ್ಲಿ ಪ್ಯಾರಾ ಮಗ್ಗುಲು ಬದಲಿಸುತ್ತದೆ, ಏಳಿಗೆಯ ಕಥೆ ಹೇಳಿದ್ದೇ ಪತನದ ಪೆಟ್ಟು ತಿಳಿಯಲೆಂದು. ಇದು ಹೊಳೆದರೆ ಮಾತ್ರ ಮೂರನೆಯ ಶೀರ್ಷಿಕೆ ಸಿಗುತ್ತದೆ. ಇದು ಹೊಳೆಯುವ ಕ್ರಿಯೆಗೆ ಯಾವ ಟ್ರಿಕ್ಕಿನ ನಂಬರೂ ಇಲ್ಲ. ಪ್ಯಾರಾ ಓದಿದವರಿಗೆಲ್ಲ ಅದು ತಾನಾಗಿ ಆಗುತ್ತದೆ.

ಎಲ್ಲ ಟ್ರಿಕ್ಕುಗಳೂ ಪೊಳ್ಳು ಎಂದರೆ ಅನ್ಯಾಯವಾದೀತು. ಯಾವ ಹೇಳಿಕೆ ಯಾವ ವಿಜ್ಞಾನಿಯದು ಎಂದು ಹೊಂದಿಸುವ ಪ್ರಶ್ನೆಯಲ್ಲಿ ಹೆಸರುಗಳು ದೊಡ್ಡಕ್ಷರದಿಂದ ಶುರುವಾಗುವುದರಿಂದ ಪುಟದ ಮೇಲೆ ಕಣ್ಣಾಡಿಸಿದರೆ ಸಾಕು, ಎದ್ದು ಕಾಣುತ್ತವೆ. ಇಸವಿ, ಊರು, ಅಂಕಿಗಳೂ ಹಾಗೆಯೇ. ಅರ್ಧ ವಾಕ್ಯಕ್ಕೆ ಇನ್ನರ್ಧ ಹೊಂದಿಸುವಾಗ ವ್ಯಾಕರಣ ಕೂಡದ ಒಂದೆರಡನ್ನು ಮೊದಲೇ ಆಚೆಗೆ ಹಾಕಬಹುದು. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಜಾಗವನ್ನೂ ಖಾಲಿ ಬಿಡಬಾರದು ಎಂಬುದಂತೂ ಬಂಗಾರದ ಮಾತು. ಆದರೆ ಈ ಟ್ರಿಕ್ಕುಗಳು ಎಲ್ಲಿಯವರೆಗೆ ಕರೆದೊಯ್ಯುತ್ತವೆ ನೋಡಿ. ವಿಜ್ಞಾನಿಯ ಹೆಸರು ಸಿಕ್ಕಿತು. ಆತ ಹೇಳಿದ್ದೇನು, ಮುಂದಿನ ಸಾಲಿನ 'ಅವರು' ಯಾರು, ಆ ಮಾತು ಆತನದೋ ಆತ ಖಂಡಿಸಿದ ಇನ್ನೊಬ್ಬನದೋ ಎಂಬಲ್ಲಿಗೆ ಬಂದಾಗ ಟ್ರಿಕ್ಕು ಹೊಸ್ತಿಲಲ್ಲಿ ನಿಂತು ಕೈಮುಗಿಯುತ್ತದೆ. 'ಒಂದು ಪದ್ಧತಿ ವಿಫಲವಾದುದಕ್ಕೆ ಉದಾಹರಣೆ' ಯಾವ ಪ್ಯಾರಾದಲ್ಲಿದೆ ಎಂದು ಕೇಳಿದರೆ ಟ್ರಿಕ್ಕಣ್ಣ 'ಉದಾಹರಣೆ' ಎಂಬ ಪದವನ್ನೇ ಹುಡುಕುತ್ತಾ ಪ್ಯಾಸೇಜಿಡೀ ಸುತ್ತುತ್ತಾನೆ. ಉದಾಹರಣೆ ಕೊಡುವ ಲೇಖಕ ಉದಾಹರಣೆ ಕೊಡುತ್ತಿದ್ದೇನೆ ಎಂದು ಡಂಗುರ ಹೊಡೆಯಬೇಕಿಲ್ಲ ಎಂಬುದು ಅವನಿಗೆ ದೊಡ್ಡ ಮೋಸವಾಗಿ ಕಾಣುತ್ತದೆ. ಇನ್ನು 'ನಾಟ್ ಗಿವನ್' ಎಂಬ ಉತ್ತರವಂತೂ ಅವನ ಸಂಸ್ಕಾರಕ್ಕೇ ವಿರುದ್ಧ. ಪಕ್ಕದ ಮನೆಯವರ ಸಂಬಳದಿಂದ ಹಿಡಿದು ಅವರ ಮಗಳ ಮದುವೆ ನಿಂತುಹೋದ ಕಾರಣದವರೆಗೆ ಯಾರೂ ಹೇಳದಿದ್ದರೂ ಎಲ್ಲರಿಗೂ ಗೊತ್ತಿರುವ ಊರಿನವನಿಗೆ, ಲೇಖಕ ಈ ವಿಷಯ ಹೇಳಿಯೇ ಇಲ್ಲ ಎಂದು ಬರೆಯಲು ಕೈ ಬರುವುದಾದರೂ ಹೇಗೆ?

ಇಲ್ಲಿ ಟ್ರಿಕ್ಕಣ್ಣ ತನ್ನ ಬ್ರಹ್ಮಾಸ್ತ್ರ ತೆಗೆಯುತ್ತಾನೆ: "ಸಾರ್, ಓದೋಕೆ ಟೈಂ ಎಲ್ಲಿದೆ?" ಲೆಕ್ಕ ಹಾಕೋಣ. ಮೂರೂ ಪ್ಯಾಸೇಜು ಸೇರಿ 2,150ರಿಂದ 2,750 ಪದ. ಇಂಗ್ಲಿಷನ್ನು ತಾಯ್ನುಡಿಯಾಗಿ ಉಳ್ಳ ವಯಸ್ಕರು ಇಂಥ ಬರಹವನ್ನು ಮನಸ್ಸಿನಲ್ಲಿ ಓದಿಕೊಳ್ಳುವ ಸರಾಸರಿ ವೇಗ ನಿಮಿಷಕ್ಕೆ 238 ಪದ ಎಂದು ಮಾರ್ಕ್ ಬ್ರೈಸ್‌ಬರ್ಟ್ 2019ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟು ಹಾಕಿ ತೋರಿಸಿದ್ದಾರೆ. ನಮ್ಮವನ ವೇಗ ಅದರ ಅರ್ಧ ಎಂದೇ ಇಟ್ಟುಕೊಳ್ಳಿ. 2,500 ಪದಕ್ಕೆ 21 ನಿಮಿಷ ಸಾಕು. ಉಳಿದ 39 ನಿಮಿಷದಲ್ಲಿ 40 ಪ್ರಶ್ನೆ, ಅದೂ ಯಾವುದು ಎಲ್ಲಿದೆ ಎಂದು ಅಂದಾಜಿರುವ ಪ್ಯಾಸೇಜಿನ ಮೇಲೆ. ಈಗ ಟ್ರಿಕ್ಕಣ್ಣನ ಲೆಕ್ಕ ನೋಡಿ. ಹದಿನಾಲ್ಕನೇ ಪ್ರಶ್ನೆಗೆ ಪ್ಯಾಸೇಜಿನ ತುದಿಯಿಂದ ತುದಿಗೆ ಒಂದು ಓಟ, ಹದಿನೈದಕ್ಕೆ ಇನ್ನೊಂದು, ಹದಿನಾರಕ್ಕೆ ಮತ್ತೊಂದು. ಆರು ಪ್ರಶ್ನೆಗೆ ಆರು ಸಲ ಅದೇ ಪುಟದ ಮೇಲೆ ಓಡಿ, ಪ್ರತಿ ಸಲವೂ ಒಂದೇ ಪದ ಹುಡುಕಿ, ಕೊನೆಗೆ ಪ್ಯಾಸೇಜು ಯಾವುದರ ಬಗ್ಗೆ ಎಂದು ಕೇಳಿದರೆ ಜೇನುನೊಣವೋ ಗಾಜಿನ ಕಾರ್ಖಾನೆಯೋ ಎಂದು ತಡವರಿಸುತ್ತಾನೆ. ಟೈಂ ಇಲ್ಲ ಎಂಬ ಕಾರಣಕ್ಕೆ ಅವನು ಕೈಬಿಟ್ಟದ್ದೇ ಎಲ್ಲಕ್ಕಿಂತ ಕಡಿಮೆ ಟೈಂ ಹಿಡಿಯುವ ಕೆಲಸ.

ಇದಕ್ಕೆ ಓದಿನ ಪಂಡಿತರಿಂದಲೇ ಒಂದು ಆಕ್ಷೇಪ ಬರಬಹುದು. ಐಇಎಲ್‌ಟಿಎಸ್ ಪತ್ರಿಕೆ ತಯಾರಿಸುವ ಕೇಂಬ್ರಿಡ್ಜ್‌ನ ಪರೀಕ್ಷೆಗಳ ರೀಡಿಂಗ್ ಬಗ್ಗೆ 2009ರಲ್ಲಿ ಪುಸ್ತಕ ಬರೆದ ಹನಾನ್ ಖಲೀಫಾ ಮತ್ತು ಸಿರಿಲ್ ವಿಯರ್, ನಿಧಾನವಾಗಿ ಅರ್ಥ ಬಿಡಿಸುವ ಓದು ಬೇರೆ, ಬೇಕಾದ್ದನ್ನು ಬೇಗ ಹುಡುಕಿ ತೆಗೆಯುವ ಓದು ಬೇರೆ, ಎರಡೂ ಓದೇ ಎಂದು ವಿಂಗಡಿಸುತ್ತಾರೆ. ಹಾಗಾದರೆ ಟ್ರಿಕ್ಕಣ್ಣ ಮಾಡುವುದೂ ಓದೇ ಆಯಿತಲ್ಲ? ಆಯಿತು, ಅರ್ಧ. ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಹತ್ತು ಪುಸ್ತಕ ಮುಂದಿಟ್ಟುಕೊಂಡವರು ಎಲ್ಲವನ್ನೂ ಅಕ್ಷರಶಃ ಓದುವುದಿಲ್ಲ. ಸರಸರನೆ ಹಾಳೆ ತಿರುವುತ್ತಾರೆ, ಬೇಕಾದ ಜಾಗ ಬಂದೊಡನೆ ಕಾಲೂರಿ ನಿಲ್ಲುತ್ತಾರೆ. ಓಡುವುದು ಎಷ್ಟು ಮುಖ್ಯವೋ ಎಲ್ಲಿ ನಿಲ್ಲಬೇಕೆಂದು ತಿಳಿಯುವುದೂ ಅಷ್ಟೇ ಮುಖ್ಯ, ನಿಂತಲ್ಲಿ ನಾಲ್ಕು ಸಾಲು ಜೀರ್ಣ ಮಾಡಿಕೊಳ್ಳುವುದು ಅದಕ್ಕಿಂತ ಮುಖ್ಯ. ಟ್ರಿಕ್ಕಣ್ಣ ಮೊದಲನೆಯದನ್ನು ಮಾತ್ರ ಕಲಿತಿದ್ದಾನೆ, ಬ್ರೇಕ್ ಇಲ್ಲದ ಸ್ಕೂಟರಿನಲ್ಲಿ ಮನೆ ನಂಬರ್ ಹುಡುಕುತ್ತಿದ್ದಾನೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಓದಿನಲ್ಲಿ ಮುಳುಗುವವರೇ ಈ ಪರೀಕ್ಷೆಯಲ್ಲಿ ಮುಗ್ಗರಿಸುವುದೂ ಉಂಟಲ್ಲ? ಉಂಟು. ಅಂಥವರನ್ನು ಓದಿನ ರಾಯರು ಎನ್ನೋಣ. ಇಂಗ್ಲಿಷ್ ಎಂಎ, ಮನೆಯಲ್ಲಿ ನಾಲ್ಕು ಬೀರು ಪುಸ್ತಕ. ಮೊದಲ ಪ್ಯಾಸೇಜು ರಾಯರಿಗೆ ಎಷ್ಟು ಹಿಡಿಸುತ್ತದೆಂದರೆ ಲೇಖಕನ ಶೈಲಿ ಮೆಚ್ಚುತ್ತಾ, ಎರಡನೇ ಪ್ಯಾರಾದ ವಾದದಲ್ಲಿ ಲೋಪ ಹುಡುಕುತ್ತಾ ಮೂವತ್ತೈದು ನಿಮಿಷ ಕಳೆದುಬಿಡುತ್ತಾರೆ. ಮೂರನೇ ಪ್ಯಾಸೇಜಿನ ಮುಖ ನೋಡುವ ಹೊತ್ತಿಗೆ ಬೆಲ್. ಟ್ರಿಕ್ಕಣ್ಣ ಇನ್ನೂ ಹಳೆಯ ಸಾಕ್ಷಿ ತರಬಹುದು. ಕೇಂಬ್ರಿಡ್ಜ್ ತನ್ನ ಮೊಟ್ಟಮೊದಲ ಇಂಗ್ಲಿಷ್ ಪರೀಕ್ಷೆಯನ್ನು 1913ರಲ್ಲಿ ನಡೆಸಿತು. ಒಟ್ಟು 12 ಗಂಟೆಯ ಪರೀಕ್ಷೆ. ಅನುವಾದ, ಪ್ರಬಂಧ, ಧ್ವನಿಶಾಸ್ತ್ರ ಎಲ್ಲ ಇತ್ತು. ಕೂತವರು ಮೂವರು, ಫೇಲಾದವರೂ ಮೂವರು. ಟ್ರಿಕ್ಕಿಲ್ಲದೆ ಹೋದರೆ ಇದೇ ಗತಿ ಎಂದು ಅವನು ಬೀಗಬಹುದು. ಆದರೆ ರಾಯರ ಸೋಲಿಗೆ ಮದ್ದು ಸುಲಭ. ಪ್ಯಾಸೇಜಿಗೆ ಇಪ್ಪತ್ತೇ ನಿಮಿಷ ಎಂಬ ಶಿಸ್ತು, ಯಾವ ಬಗೆಯ ಪ್ರಶ್ನೆ ಏನು ಕೇಳುತ್ತದೆ ಎಂಬ ಪರಿಚಯ, ಸಿಗದ ಉತ್ತರವನ್ನು ಬಿಟ್ಟು ಮುಂದೆ ಹೋಗುವ ನಿರ್ಮೋಹ. ಇಷ್ಟನ್ನು ಕಲಿಯಲು ರಾಯರಿಗೆ ಕೆಲವೇ ದಿನ ಸಾಕು. ಟ್ರಿಕ್ಕಣ್ಣನಿಗೆ ಇದೆಲ್ಲ ಈಗಾಗಲೇ ಕರತಲಾಮಲಕ. ಅವನಿಗೆ ಕೊರತೆಯಿರುವುದು ಕೆಲವು ದಿನಗಳಲ್ಲಿ ಬರುವಂಥದ್ದಲ್ಲ.

ಹಾಗಾದರೆ ಟ್ರಿಕ್ಕಣ್ಣ ಎರಡನೇ ಸಲವೋ ಮೂರನೇ ಸಲವೋ 7 ತೆಗೆದೇ ತೆಗೆಯುತ್ತಾನಲ್ಲ, ಅದು ಹೇಗೆ? ಉತ್ತರ ಅವನ ಮೇಜಿನ ಮೇಲೇ ಇದೆ. ಕೇಂಬ್ರಿಡ್ಜ್ ಹೊರತರುವ ಹಳೆಯ ಪ್ರಶ್ನೆಪತ್ರಿಕೆಗಳ ಪುಸ್ತಕ ಒಂದೊಂದರಲ್ಲೂ ನಾಲ್ಕು ಟೆಸ್ಟ್. ಜೆರಾಕ್ಸ್ ಮಾಡಿಸಿಯೋ ಸೀನಿಯರ್ ಹತ್ತಿರ ಇಸಿದುಕೊಂಡೋ ಅವನು ಹತ್ತು ಪುಸ್ತಕ ಮುಗಿಸಿದ ಎನ್ನಿ. 40 ಟೆಸ್ಟ್, 120 ಪ್ಯಾಸೇಜು, ಹೆಚ್ಚುಕಡಿಮೆ ಒಂದು ಲಕ್ಷ ಪದ. ಅದು ಒಂದು ದಪ್ಪ ಕಾದಂಬರಿಯ ಗಾತ್ರ. ಇಂಜಿನಿಯರಿಂಗಿನ ನಾಲ್ಕು ವರ್ಷದಲ್ಲಿ ನೋಟ್ಸ್ ಬಿಟ್ಟು ಬೇರೇನನ್ನೂ ಮುಟ್ಟದವನು, ಹವಳದ ದಿಬ್ಬ, ಗುಜರಾತಿನ ಮೆಟ್ಟಿಲ ಬಾವಿ, ಭಾಷೆಗಳ ಅಳಿವು, ನಿದ್ದೆಯ ವಿಜ್ಞಾನ ಎಂದು ಒಂದು ಲಕ್ಷ ಪದಗಳ ಮೇಲೆ ಓಡಿದ್ದಾನೆ. ಒಂದೊಂದು ತಪ್ಪು ಉತ್ತರಕ್ಕೂ ಇದು ಯಾಕೆ ತಪ್ಪು ಎಂದು ಸಿಟ್ಟಿನಿಂದ ಅದೇ ಪ್ಯಾರಾಕ್ಕೆ ವಾಪಸು ಹೋಗಿ, ಪ್ರಶ್ನೆ ತೆಗೆದವನ ಜೊತೆ ಜಗಳಕ್ಕೆ ನಿಂತು, ಸಾಲು ಸಾಲು ಬಿಡಿಸಿ ನೋಡಿದ್ದಾನೆ. ಜಗಳದಲ್ಲಿ ಸೋತಾಗಲೆಲ್ಲ ಒಂದು ಪ್ಯಾರಾ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದು ಅವನ ತಲೆಗೆ ಇಳಿದಿದೆ. ಇದಕ್ಕಿಂತ ಒಳ್ಳೆಯ ಓದನ್ನು ಯಾವ ಮೇಷ್ಟ್ರು ತಾನೇ ಮಾಡಿಸಿಯಾರು? ಆದರೆ 7 ಬಂದ ದಿನ ಅವನು ಇದಾವುದನ್ನೂ ನೆನೆಯುವುದಿಲ್ಲ, ಗೆಲುವಿನ ಕೀರ್ತಿಯನ್ನು ಟ್ರಿಕ್ ನಂಬರ್ ಹತ್ತಕ್ಕೆ ಒಪ್ಪಿಸುತ್ತಾನೆ. ವೀಸಾ ಬರುವವರೆಗೆ ಕೈ ಖಾಲಿ ಇರುವುದರಿಂದ ಒಂದು ಚಾನೆಲ್ ಶುರು ಮಾಡಿ, ಪ್ಯಾಸೇಜ್ ಮುಟ್ಟಲೇಬೇಡಿ ಎಂದು ಮುಂದಿನ ಬ್ಯಾಚಿನವರಿಗೆ ಉಪದೇಶವನ್ನೂ ಕೊಡುತ್ತಾನೆ.

ಹೀಗಿರುವಾಗ ಕೋಚಿಂಗಿನವರು ಮಾಡಬೇಕಾದ್ದೇನು? ಟ್ರಿಕ್ಕುಗಳನ್ನು ತೆಗೆದುಹಾಕಿ 'ಇಲ್ಲಿ ಓದು ಕಲಿಸಲಾಗುವುದು' ಎಂದು ಬೋರ್ಡು ಬರೆಸಿದರೆ ಮರುದಿನವೇ ಕೆಳಗಿನ ಬೇಕರಿಯವನು ಮಹಡಿಯನ್ನೂ ಬಾಡಿಗೆಗೆ ಹಿಡಿಯುತ್ತಾನೆ. ಹತ್ತು ಟ್ರಿಕ್ಕು ಇದ್ದಲ್ಲೇ ಇರಲಿ, ಆ ಆಸೆಗಾದರೂ ಹುಡುಗರು ಒಂದು ಲಕ್ಷ ಪದ ದಾಟುತ್ತಾರೆ. ಹನ್ನೊಂದನೆಯದಾಗಿ ಇನ್ನೊಂದನ್ನು ಸೇರಿಸಿದರೆ ಸಾಕು: ಮೊದಲ ಇಪ್ಪತ್ತು ನಿಮಿಷ ಪ್ರಶ್ನೆಗಳ ಕಡೆ ಕಣ್ಣೆತ್ತಿಯೂ ನೋಡದೆ ಮೂರು ಪ್ಯಾಸೇಜನ್ನೂ ಮೇಲಿನಿಂದ ಕೆಳಗಿನವರೆಗೆ ಓದುವುದು. ಇದನ್ನು ಮಾತ್ರ ಪುಕ್ಕಟೆಯಾಗಿ ಹೇಳಕೂಡದು. ಸ್ಪೆಷಲ್ ಬ್ಯಾಚ್ ಮಾಡಿ, ಫೀಸು ಡಬಲ್ ಇಟ್ಟು, ಹೊರಗೆ ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡು ಕೊನೆಯ ದಿನ ಹೇಳಬೇಕು. ಆಗ ಟ್ರಿಕ್ಕಣ್ಣ ನಂಬುತ್ತಾನೆ.