ಬರದ ಸೀಮೆಯಲ್ಲೊಂದು ಆವಿಯ ಒಲೆ

ನಮ್ಮ ಚಿತ್ರದುರ್ಗ ಸೀಮೆಯಲ್ಲಿ ನೀರಿನ ವಿಷಯದಲ್ಲಿ ಯಾರೂ ಹುಡುಗಾಟ ಆಡುವುದಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿತ್ತು. ಇನ್ನೊಂದು ಕೋಡಿ ನೋಡಲು 2022ರವರೆಗೆ ಕಾದ ಜನ ನಾವು. ಕೊಳವೆಬಾವಿ ಕೊರೆಸುವಾಗ ಮನೆದೇವರು ಸಾಲದೆಂದು ಪಕ್ಕದ ಮನೆಯ ದೇವರಿಗೂ ಹರಕೆ ಹೊರುತ್ತೇವೆ. ಇಂಥ ಊರಲ್ಲಿ ಸೌದೆ ಸುಟ್ಟು ನೀರನ್ನು ಆಕಾಶಕ್ಕೆ ಅಟ್ಟುವ ಒಲೆ ಕಟ್ಟುತ್ತೇನೆಂದರೆ ಮನೆಯವಳು ನನ್ನನ್ನು ಹೇಗೆ ನೋಡಿದಳೆಂದು ಬೇರೆ ಹೇಳಬೇಕಿಲ್ಲ.

ತಲೆಗೆ ಹುಳ ಬಿಟ್ಟವನು ಕೆನಡಾದಲ್ಲಿರುವ ಅಕ್ಕನ ಮಗ. ಅಲ್ಲಿ ಚಳಿ ಇಳಿಯುವ ಹೊತ್ತಿಗೆ ಮೇಪಲ್ ಮರಕ್ಕೆ ತೂತು ಕೊರೆದು, ತೊಟ್ಟಿಕ್ಕುವ ರಸ ಹಿಡಿದು, ಅಗಲವಾದ ಬಾಣಲೆಯಲ್ಲಿ ಕುದಿಸುತ್ತಾರೆ. ರಸದಲ್ಲಿ ಸಕ್ಕರೆ ನೂರಕ್ಕೆ ಎರಡು ಪಾಲು. 40 ಲೀಟರ್ ಕುದಿಸಿದರೆ ಒಂದು ಲೀಟರ್ ಪಾಕ, ಮಿಕ್ಕಿದ್ದೆಲ್ಲ ಆವಿ! ಕೇಳಿಯೇ ನನ್ನ ಗಂಟಲು ಒಣಗಿತು. ಹಿರಿಯೂರು ಕಡೆಯ ಕಬ್ಬಿನ ಹಾಲಾದರೆ ಐದು ಲೀಟರ್ ಸಾಕು. (ಆ ಕಬ್ಬು ಗದ್ದೆಯಲ್ಲಿದ್ದಾಗ ಕುಡಿದ ನೀರಿನ ಲೆಕ್ಕ ಇಲ್ಲಿ ಬೇಡ, ಕೆದಕಿದರೆ ನಾಲೆಯ ಕೆಳಗಿನ ನೆಂಟರು ಮಾತು ಬಿಡುತ್ತಾರೆ.)

ಒಲೆಯ ಎಂಜಿನಿಯರಿಕೆ ಹೊಳಲ್ಕೆರೆಯ ಭಾವನದು. ವರ್ಷವರ್ಷ ಅಡಿಕೆ ಬೇಯಿಸಿ, ಉಳಿದ ಚೊಗರನ್ನು ಕುದಿಸಿ ಗಟ್ಟಿ ಮಾಡುವವನಿಗೆ ಉರಿಯ ಗುಣ ಗೊತ್ತು. ಬಾಯಿ ಕಿರಿದು, ಒಳಗೆ ಬೂದಿ ಉದುರುವ ಜಾಲರಿ, ಹಿಂದೆ ಎತ್ತರದ ಹೊಗೆಗೂಡು. ಉರಿ ಬಾಣಲೆಯ ತಳವನ್ನು ಉದ್ದಕ್ಕೂ ನೆಕ್ಕಿಕೊಂಡೇ ಹೊರಗೆ ಹೋಗಬೇಕು, ನಡುವೆ ತಪ್ಪಿಸಿಕೊಳ್ಳಬಾರದು. ಬಾಣಲೆ ಆಳವಿರಬಾರದು, ಅಗಲವಿರಬೇಕು. ತಗಡಿನವನು ಸತು ಬಳಿದ ತಗಡು ಅಗ್ಗವೆಂದ. ಕಬ್ಬಿನ ಹಾಲಿನ ಹುಳಿಗೆ ಸತು ಬಿಟ್ಟುಕೊಳ್ಳುತ್ತದೆ, ಸ್ಟೀಲೇ ಆಗಬೇಕೆಂದೆ. “ಬೆಲ್ಲಕ್ಕೋ ಮಗಳ ಮದುವೆಗೋ?” ಎಂದು ವಿಚಾರಿಸಿಕೊಂಡ. ಉರುವಲಿಗೆ ಹೊಸದುರ್ಗದಿಂದ ತೆಂಗಿನ ಮಟ್ಟೆ ಬಂತು. ಜಾಲಿ ನಮ್ಮಲ್ಲೇ ಬೇಡವೆಂದರೂ ಬೆಳೆಯುತ್ತದೆ.

ಒಲೆ ಹಚ್ಚಿದ ದಿನ ದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು ಗರಗರ ತಿರುಗುತ್ತಿದ್ದವು. ಕರೆಂಟಿಗೆ ಒಳ್ಳೆಯ ಗಾಳಿ, ಹೊಗೆಗೂಡಿಗೆ ಕೆಟ್ಟದ್ದು. ಹೊಗೆ ಬಂದ ದಾರಿಯಲ್ಲೇ ವಾಪಸಾಗಿ, ನೋಡಲು ಸೇರಿದ್ದವರೆಲ್ಲ ತೀರಿಹೋದವರನ್ನು ನೆನೆದವರ ಹಾಗೆ ಕಣ್ಣೊರೆಸಿಕೊಂಡರು. ಆದರೂ ಯಾರೂ ಜಾಗ ಬಿಟ್ಟು ಕದಲಲಿಲ್ಲ. ಕುದಿಯುವ ಕಬ್ಬಿನ ಹಾಲಿನೆದುರು ನಿಂತವನಿಗೆ ಸಲಹೆ ತಾನಾಗಿ ಉಕ್ಕುತ್ತದೆ. ಬೆಂಡೆ ಗಿಡ ಜಜ್ಜಿ ಲೋಳೆ ಹಾಕು, ಮಡ್ಡಿ ಮೇಲೆ ಬರುತ್ತದೆ ಎಂದರು, ಹಾಕಿದೆ, ಬಂತು. ನೊರೆ ಉಕ್ಕಿದಾಗ ಹರಳೆಣ್ಣೆ ಒಂದು ತೊಟ್ಟು ಎಂದರು. ಬಿಟ್ಟೆ, ನೊರೆ ಗಪ್ಪನೆ ಕೂತಿತು.

ಜಗಳ ಹತ್ತಿದ್ದು ಪಾಕದ ಹದಕ್ಕೆ. 104 ಡಿಗ್ರಿಗೆ ಇಳಿಸಬೇಕೆಂದು ಅಕ್ಕನ ಮಗ ವಿಡಿಯೊದಲ್ಲಿ ಕೂಗಿದ. ಆಲೆಮನೆಯಲ್ಲಿ ಆಯಸ್ಸು ಕಳೆದ ಹಿರಿಯೂರಿನ ಅಜ್ಜ ಥರ್ಮಾಮೀಟರನ್ನು ಜ್ವರ ಬಂದವರಿಗೆ ಇಡಿ ಎಂದು, ಒಂದು ಹನಿ ಬೆರಳುಗಳ ನಡುವೆ ಎಳೆದು, ಎಳೆ ನೋಡತೊಡಗಿದರು. ಅಸಲಿಗೆ ನಮ್ಮೂರು ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲೆ. ಇಲ್ಲಿ ನೀರೇ 98ರ ಆಸುಪಾಸಿಗೆ ಕುದಿಯುತ್ತದೆ. ಲೆಕ್ಕ ನೀರಿನ ಕುದಿಗಿಂತ ನಾಲ್ಕು ಡಿಗ್ರಿ ಹೆಚ್ಚು ಎಂದಿರಬೇಕು. ಇದನ್ನು ನಾನು ಇಬ್ಬರಿಗೂ ವಿವರಿಸಿ ಮುಗಿಸುವ ಹೊತ್ತಿಗೆ ಮುಳ್ಳು 104 ಮುಟ್ಟಿ, ಮೇಪಲ್ ಹದ ದಾಟಿ, ದಪ್ಪ ಜೋನಿಬೆಲ್ಲವೇ ತಯಾರಾಗಿತ್ತು. ಅಜ್ಜ “ಈಗ ಸರಿ” ಎಂದರು. ಅಕ್ಕನ ಮಗನೂ “104 ಸರಿ” ಎಂದ. ಗೆದ್ದೆವೆಂದು ಇಬ್ಬರೂ ಇವತ್ತಿಗೂ ತಿಳಿದಿದ್ದಾರೆ.

ದೋಸೆಗೆ ಹಚ್ಚಿ ತಿಂದ ಮನೆಯವಳು, ಇಷ್ಟು ಚೆನ್ನಾಗಿ ಉರಿಯುವ ಒಲೆಯಲ್ಲಿ ಸ್ನಾನಕ್ಕೆ ನೀರು ಕಾಯಿಸಬಾರದೇಕೆ ಎಂದಳು. ಅದಕ್ಕೂ ಅವಕಾಶ ಸಿಗಲಿಲ್ಲ. ಮರುವಾರವೇ ಭಾವ ಅಡಿಕೆ ತುಂಬಿದ ಮೂಟೆಗಳೊಂದಿಗೆ ಇಳಿದ. ಒಲೆ ಅವನದೇ ನಕ್ಷೆ, ಬೇಡವೆನ್ನುವುದು ಹೇಗೆ? ಈಗ ಬಾಣಲೆಗೆ ಚೊಗರಿನ ಕೆಂಪು ಹತ್ತಿದೆ. ಎಷ್ಟು ಉಜ್ಜಿದರೂ ಬಿಡುತ್ತಿಲ್ಲ. ಮುಂದಿನ ಜೋನಿಬೆಲ್ಲವನ್ನು ಬಹುಶಃ ವೀಳ್ಯದೆಲೆ, ಸುಣ್ಣದ ಜೊತೆಗೇ ಬಡಿಸಬೇಕಾದೀತು.